ಹಿಮದ ಗಾಡಿಗೆ ನಾಲ್ಕು ಲಿಂಬೆಹಣ್ಣು

ಯುಗಾದಿ ಅಮಾವಾಸ್ಯೆಯ ಆ ಬೆಳಗು ಲಂಡನ್ನಿನ ಗ್ರೀನ್‌ಫರ್ಡಿನ ಸೂರುಗಳ ಮೇಲೆಲ್ಲ ಹಿಮ ಬಿದ್ದಿತ್ತು. ಇಡೀ ಚಳಿಗಾಲ ಇಂದು ಬಂದೇನು ನಾಳೆ ಬಂದೇನು ಎಂದು ಸತಾಯಿಸಿ ಕಡೆಗೂ ಬಾರದೆ ಹೋದ ಹಿಮ, ಏಪ್ರಿಲ್ ಹುಟ್ಟಿ ಚೆರ್ರಿ ಗಿಡಗಳು ಮೈತುಂಬ ಹೂ ಬಿಟ್ಟ ಮೇಲೆ, ನಸುಕಿನಲ್ಲಿ ಯಾರಿಗೂ ಹೇಳದೆ ಬಂದು ಇಳಿದಿತ್ತು. ಗಾಳಿ ಇರಲಿಲ್ಲ. ಕೊಂಬೆಯ ಮೇಲಿನ ಬಿಳುಪಿನಲ್ಲಿ ಹೂವೆಷ್ಟು ಹಿಮವೆಷ್ಟು ಎಂಬುದು ಎರಡನ್ನೂ ಕಳಿಸಿದವನಿಗೇ ಗೊತ್ತು.

ಗುರುದೇವಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಡುಗೆಮನೆಯ ಪರದೆ ಸರಿಸಿದಳು. ಒಂದು ಗಳಿಗೆ ಅವಳ ಕೈ ಪರದೆಯ ಮೇಲೆಯೇ ನಿಂತಿತು. ಆಮೇಲೆ ಮೆಟ್ಟಿಲ ಬುಡಕ್ಕೆ ಬಂದು ಗಂಡನನ್ನು ಕೂಗಿದಳು.

"ಏನ್ರೀ, ಏಳ್ರಿ! ಹೊರಗ ನೋಡ್ರಿ. ನಿಮ್ಮ ಗಾಡಿ ಕರದೈತಿ ಅಂತ ಹಿಮ ಬಂದೈತಿ."

ಮಲ್ಲಪ್ಪ ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡೇ ಮಲಗುವ ಮನುಷ್ಯ. ಅದನ್ನು ಸರಿಮಾಡಿಕೊಳ್ಳುತ್ತ ಇಳಿದು ಬಂದು ಕಿಟಕಿಯಲ್ಲಿ ಇಣುಕಿದ. ಕೈಮುಗಿದ.

"ಶಿವನ ಆಟ ನೋಡು! ನಾ ಹುಲ್ಲಿನ ಮ್ಯಾಲ ಓಡಸ್ತೀನಿ ಅಂದ್ರ, ಅಂವ ಹಾಸಿಗಿನ ಹಾಸಿ ಕೊಟ್ಟಾನ. ಎಲ್ಲಾರೂ ನಕ್ಕಿದ್ರಲ್ಲ, ಈಗ ನಗ್ಲಿ."

ನಕ್ಕಿದ್ದು ಸುಳ್ಳಲ್ಲ. ಸಂಕ್ರಾಂತಿಗೆ ಸೌತ್‌ಹಾಲಿನಲ್ಲಿ ಕನ್ನಡದವರೆಲ್ಲ ಸೇರಿ ಎಳ್ಳುಬೆಲ್ಲ ಹಂಚಿಕೊಳ್ಳುತ್ತಿದ್ದಾಗ, ಕ್ಯಾನ್ಸರ್ ಸಂಶೋಧನೆಗೆ ನಾವೂ ಏನಾದರೂ ಮಾಡಬೇಕು ಎಂಬ ಮಾತು ಎದ್ದಿತ್ತು. ಎತ್ತಿದವಳು ಗುರುದೇವಿ. ಸೈಕಲ್ ಸವಾರಿ ಇಡೋಣ, ಕಾಲುವೆಯ ದಂಡೆಗುಂಟ ನಡೆಯೋಣ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿರುವಾಗ, ಮಲ್ಲಪ್ಪ ಎದ್ದು ನಿಂತು ಬಾಯಲ್ಲಿದ್ದ ಕುಸುರೆಳ್ಳು ನುಂಗಿ, "ಸೈಕಲ್ ಎಲ್ಲಾರೂ ತುಳೀತಾರ. ನಾವು ಸ್ನೋಮೊಬೈಲ್ ಸವಾರಿ ಇಡೂಣು" ಎಂದುಬಿಟ್ಟ.

ಅವನು ಕೆಲಸ ಮಾಡುವ ಗೋದಾಮಿನಲ್ಲಿ ಸಿನಿಮಾದವರಿಗೆ ಬಾಡಿಗೆ ಕೊಡುವ ಸಾಮಾನು ತುಂಬಿತ್ತು. ರಾಜರ ಸಿಂಹಾಸನ, ಹಡಗಿನ ಲಂಗರು, ಒಳಗೆ ಹೊಟ್ಟು ತುಂಬಿದ ಕರಡಿ. ಆ ಕರಡಿಯ ಪಕ್ಕದಲ್ಲೇ ಹಳದಿ ಬಣ್ಣದ ಒಂದು ಹಿಮದ ಗಾಡಿ. ಮುಂದೆ ಎರಡು ಜಾರುಹಲಗೆ, ಹಿಂದೆ ಯುದ್ಧದ ಟ್ಯಾಂಕಿಗಿರುವಂಥ ಅಗಲವಾದ ರಬ್ಬರ್ ಪಟ್ಟಿ, ಮೇಲೆ ಇಬ್ಬರು ಕೂರುವ ಉದ್ದನೆಯ ಸೀಟು. ಒಳ್ಳೆಯ ಕೆಲಸಕ್ಕಾದರೆ ಪುಕ್ಕಟೆ ಒಯ್ಯಿ ಎಂದಿದ್ದ ಗೋದಾಮಿನ ಧಣಿ.

"ಲಂಡನ್ನಲ್ಲಿ ಹಿಮ ಎಲ್ಲಿದೆ ಮಲ್ಲಪ್ಪನವರೇ?" ಎಂದು ಸಂಘದ ಕಾರ್ಯದರ್ಶಿ ಶೇಷಾದ್ರಿ ಕೇಳಿದ್ದರು. ಬೆಂಗಳೂರಿನ ಬಸವನಗುಡಿಯವರು. ಒಂದು ಕುರ್ಚಿ ಸರಿಸಬೇಕಾದರೂ ಅದಕ್ಕೊಂದು ಫೈಲು ತೆರೆಯುವವರು. ಪಕ್ಕದ ಮನೆಯ ಗೆರ್ಟ್ರೂಡಳ ಮಗ, ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಎಲ್ರಾಯ್, ಗಾಡಿ ನೋಡಿ ಬಂದು, "ವೆಟ್ ಗ್ರಾಸ್ ಮೇಲೆ ಓಡ್ತದೆ ಅಂಕಲ್, ಸ್ವಲ್ಪ ಸ್ಲೋ ಹೋಗ್ಬೇಕು, ಅಷ್ಟೆ" ಎಂದ ಮೇಲೆ ನಗು ಅರ್ಧಕ್ಕೆ ಇಳಿಯಿತು. ಅಕ್ಸ್‌ಬ್ರಿಡ್ಜ್ ಕಡೆ ಕುದುರೆ ಸವಾರಿ ಕಲಿಸುವ ಹೆಂಗಸೊಬ್ಬಳಿದ್ದಳು, ತಾಯಿಯನ್ನು ಅದೇ ರೋಗದಲ್ಲಿ ಕಳಕೊಂಡವಳು. ಕುದುರೆಗಳನ್ನು ಲಾಯದಲ್ಲಿ ಕಟ್ಟುತ್ತೇನೆ, ನನ್ನ ಹುಲ್ಲುಗಾವಲು ಇಡೀ ದಿನ ನಿಮ್ಮದೇ ಎಂದಳು. ಬಂದವರು ಒಂದು ಸುತ್ತು ಸವಾರಿ ಮಾಡುವುದು, ಕೈಲಾದಷ್ಟು ಡಬ್ಬಿಗೆ ಹಾಕುವುದು. ಆ ಹಣ ಗುರುದೇವಿಯನ್ನು ಬದುಕಿಸಿದ ಆಸ್ಪತ್ರೆಯ ಸಂಶೋಧನೆಗೆ. ದಿನ ಗೊತ್ತುಮಾಡಿದವನೂ ಮಲ್ಲಪ್ಪನೇ. ಕ್ಯಾಲೆಂಡರ್ ನೋಡಿದ ಶೇಷಾದ್ರಿ ಬೆಚ್ಚಿದರು.

"ಅಮಾವಾಸ್ಯೆ ದಿನ ಹೊಸದಾಗಿ ಗಾಡಿ ಎತ್ತೋದಾ? ಯಾರಾದ್ರೂ ಮಾಡ್ತಾರಾ?"

"ನಮ್ಮ ಕಡೆ ಅಮಾಸಿಗೇ ಗಾಡಿ ಪೂಜಿ ಮಾಡೋದ್ರೀ. ಅಮಾಸಿ ಅಂದ್ರ ಭಾಳ ಛಲೋ ದಿನ."

"ನಮ್ಮ ಕಡೆ ಅವತ್ತು ಮನೆಯಿಂದಾನೇ ಹೊರಗೆ ಕಾಲಿಡಲ್ಲ!"

"ಹಂಗಾರ ನೀವು ನಮ್ಮ ಕಡೆ ಬರ್ರಿ," ಎಂದು ಮಲ್ಲಪ್ಪ ಆ ಮಾತು ಅಲ್ಲಿಗೇ ಮುಗಿಸಿದ್ದ.

ಈ ಗದ್ದಲದ ತಳದಲ್ಲಿ ಗುರುದೇವಿಗೆ ತನ್ನದೇ ಒಂದು ಸಂಕಟವಿತ್ತು. ಅದು ಬಾಗಿಲ ಪಕ್ಕದ ಗೂಟಕ್ಕೆ ತೂಗುತ್ತಿದ್ದ ಒಂದು ಜೊತೆ ಕೈಗವಸು.

ಎರಡು ಚಳಿಗಾಲಗಳ ಹಿಂದೆ ಅವಳಿಗೆ ಕರುಳಿನ ಕ್ಯಾನ್ಸರ್ ಆಗಿತ್ತು. ನರದೊಳಗೆ ಔಷಧ ಇಳಿಸಿಕೊಂಡು ಬಂದಾಗಲೆಲ್ಲ ಥಂಡಿ ಎಂಬುದು ಅವಳ ಕೈಗೆ ಜಾಲಿಮುಳ್ಳಾಗುತ್ತಿತ್ತು. ನಲ್ಲಿಯ ನೀರು, ಬಾಗಿಲ ಹಿಡಿಕೆ, ಫ್ರಿಜ್ಜಿನ ಹಾಲು, ಏನು ಮುಟ್ಟಿದರೂ ಬೆರಳ ತುದಿಯಿಂದ ಮೊಣಕೈವರೆಗೆ ಚುಚ್ಚು. ಮೊದಲ ದಿನ ಆಸ್ಪತ್ರೆಯ ಬಾಗಿಲು ತಳ್ಳಿ ಅವಳು ಹೌಹಾರಿ ನಿಂತಾಗ, ಕಾರಿನಲ್ಲಿ ಕರೆತಂದಿದ್ದ ಗೆರ್ಟ್ರೂಡ್ ತನ್ನ ಕೈಯ ಗವಸು ಕಳಚಿ ಇವಳ ಕೈಗೆ ತೊಡಿಸಿದ್ದಳು. ಗೆರ್ಟ್ರೂಡ್ ಉಡುಪಿ ಕಡೆಯವಳು. ಲಂಡನ್ನಿನ ವಾರ್ಡುಗಳಲ್ಲಿ ನರ್ಸ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡವಳು. ಅವಳಿಗೆ ವಿವರಿಸಿ ಹೇಳಬೇಕಾದ್ದಿರಲಿಲ್ಲ. ಆ ಚಳಿಗಾಲವಿಡೀ ಅವಳೇ ಕರೆದುಕೊಂಡು ಹೋದಳು, ಅವಳೇ ಕರೆತಂದಳು. ಗವಸು ಕಂದು ತೊಗಲಿನದು, ಒಳಗೆ ಕುರಿಯ ಉಣ್ಣೆ. ತೀರಿಹೋದ ಗಂಡ ಆಸ್ವಾಲ್ಡ್ ತನ್ನ ಕೊನೆಯ ಕ್ರಿಸ್ಮಸ್ಸಿಗೆ ಹೆಂಡತಿಗೆ ಕೊಡಿಸಿದ್ದು ಅದು ಎಂಬುದು ಗುರುದೇವಿಗೆ ಗೊತ್ತಾದದ್ದು ಬಹಳ ದಿನ ಆದ ಮೇಲೆ, ಎಲ್ರಾಯ್‌ನ ಬಾಯಿಂದ.

ಔಷಧ ಮುಗಿಯಿತು. ಇನ್ನು ರೋಗವೇನೂ ಇಲ್ಲ ಎಂದರು ಡಾಕ್ಟರು. ಗವಸು ತಿರುಗಿ ಕೊಡಬೇಕು. ಆದರೆ ಹೇಗೆ? ಗುರುದೇವಿ ಹುಟ್ಟಿದ ಊರಲ್ಲಿ ಇನ್ನೊಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಯಾರೂ ಬರಿದು ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಒಳಗಿರಬೇಕು. ಗಂಡನ ನೆನಪಿನ ಗವಸನ್ನು ಕಳಚಿ ಕೊಟ್ಟವಳಿಗೆ ಅದರಲ್ಲಿ ಏನು ತುಂಬಿ ಕೊಡುವುದು? ಯೋಚಿಸಿ ಯೋಚಿಸಿ, ಒಮ್ಮೆ ಒಂದೊಂದರಲ್ಲಿ ಒಂದೊಂದು ಶೇಂಗಾ ಉಂಡಿ ಇಟ್ಟು ಒಯ್ದಳು. ಗೆರ್ಟ್ರೂಡ್ ಉಂಡಿ ತೆಗೆದುಕೊಂಡು ಗವಸನ್ನು ಇವಳ ಕೈಗೇ ತುರುಕಿದಳು.

"ಇದು ಈಗ ಬೇಡ ಮಾರಾಯ್ತಿ. ಮೊದಲು ಆ ಫ್ರಿಜ್ಜಿನಿಂದ ಹಾಲು ತೆಗಿ ನೋಡುವ, ಬರಿ ಕೈಯಲ್ಲಿ."

ಗುರುದೇವಿ ಫ್ರಿಜ್ಜಿನತ್ತ ನೋಡಿದಳು. ಹೋಗಲಿಲ್ಲ.

"ಕಂಡೆಯಾ? ನಿನ್ನ ಕೈ ಚಳಿ ತಡೆಯುವ ದಿವಸ ನನಗೆ ಕೊಡು. ಅಲ್ಲಿವರೆಗೆ ನಿನ್ನತ್ರವೇ ಇರಲಿ."

ಅಂದಿನಿಂದ ಅವಳು ತಣ್ಣಗಿನದೇನನ್ನೂ ಬರಿಗೈಯಲ್ಲಿ ಮುಟ್ಟಿ ನೋಡಿರಲೇ ಇಲ್ಲ. ಚುಚ್ಚೀತು ಎಂಬ ಭಯಕ್ಕಿಂತ, ಚುಚ್ಚಿದರೆ ಆ ರೋಗ ಇನ್ನೂ ಮೈಯೊಳಗೆ ಎಲ್ಲೋ ಕಾಲು ಚಾಚಿ ಮಲಗಿದೆ ಎಂದಾಗುತ್ತದಲ್ಲ ಎಂಬ ಅಂಜಿಕೆ. ಬಿಸಿನೀರಲ್ಲಿ ಪಾತ್ರೆ ತೊಳೆದಳು, ಗವಸು ತೊಟ್ಟು ಬಸ್ಸು ಹತ್ತಿದಳು. ಫ್ರಿಜ್ಜಿನ ಬಾಗಿಲು ತೆರೆಯುವುದು ಮಲ್ಲಪ್ಪನ ಪಾಲಿನ ಕೆಲಸವಾಯಿತು. ಅವನೂ ಯಾಕೆ ಎಂದು ಕೇಳಲಿಲ್ಲ. ಕೇಳದೆ ಇರುವುದು ಅವನಿಗೆ ಗೊತ್ತಿದ್ದ ದೊಡ್ಡ ಪ್ರೀತಿ.

ಚಹಾ ಕುದಿಯುವ ಹೊತ್ತಿಗೆ ಫೋನು ಬಂತು. ಶೇಷಾದ್ರಿ.

"ಗುರುದೇವಿಯವರೇ, ಕ್ಯಾನ್ಸಲ್ ಮಾಡ್ಬಿಡೋಣ. ಹೊರಗೆ ನೋಡಿದ್ರಾ? ಸ್ನೋ!"

"ನೋಡೀನ್ರೀ. ಅದಕ್ಕೇನಾತು?"

"ನೋಟೀಸಲ್ಲೇ ಹಾಕಿದೀವಲ್ಲ, ಜೋರು ಮಳೆ, ಬಿರುಗಾಳಿ, ಹಿಮ ಬಂದ್ರೆ ಕಾರ್ಯಕ್ರಮ ರದ್ದು ಅಂತ."

"ಶೇಷಾದ್ರಿಯವರ, ಇದು ಹಿಮದ ಗಾಡಿರೀ. ಹಿಮ ಬಿತ್ತು ಅಂತ ಬಂದ್ ಮಾಡಿದ್ರ ಆ ಹುಲ್ಲುಗಾವಲಿನ ಕುದರಿಗೋಳು ಸೈತ ನಗ್ತಾವ."

"ಅದು ಸರಿ. ನನಗೂ ಒಂಥರಾ ಅನಿಸ್ತು. ಆದ್ರೆ ರೂಲು ರೂಲೇ ಅಲ್ವಾ? ಜವಾಬ್ದಾರರು ಅಂತ ಯಾರ ಹೆಸರು ಕೊಟ್ಟಿದೀವೋ ಅವರು ಹೂಂ ಅಂದ್ರೆ ಮಾತ್ರ ನಡೆಸಬಹುದು."

"ಯಾರ ಹೆಸರು ಕೊಟ್ಟೀರಿ?"

"ನಿಮ್ದೇ! ನಿಮ್ಮ ಯಜಮಾನ್ರೇ ಬರೆಸಿದ್ದು."

ಗುರುದೇವಿ ಗಂಡನತ್ತ ತಿರುಗಿದಳು. ಮಲ್ಲಪ್ಪ ಟೊಪ್ಪಿಗೆಯನ್ನು ಕಣ್ಣವರೆಗೆ ಎಳೆದುಕೊಂಡು ಚಹಾ ಉಕ್ಕುವುದನ್ನೇ ಧ್ಯಾನಿಸುತ್ತಿದ್ದ.

"ನನಗ ಒಂದ್ ಮಾತು ಹೇಳದ ಬರಸೀರಿ?"

"ನನ್ನ ಹೆಸರು ಬರಸಿದ್ರ ಅಂವ ದಿನಾ ಫೋನ್ ಮಾಡಿ ಜೀವಾ ತಿಂತಿದ್ದ. ನಿನಗಾದ್ರ ಅಂಜತಾನ."

ಅವಳು ಕಿಟಕಿಯಾಚೆ ನೋಡಿದಳು. ಬೇಲಿಯ ಮೇಲೆ ಒಂದು ಪುಟ್ಟ ಹಕ್ಕಿ ಕೂತು, ಹಿಮದಲ್ಲಿ ಕಾಲೂರಿ, ಕಾಲೆತ್ತಿ, ಮತ್ತೆ ಊರಿ ಪರೀಕ್ಷಿಸುತ್ತಿತ್ತು. ನೆನಪಾದ ದೇವರನ್ನು ನೆನೆದು, "ಹೂಂ, ನಡೀಲಿ," ಎಂದಳು ಫೋನಿಗೆ. "ಮೊದಲು ಎಲ್ರಾಯ್ ಒಬ್ಬಾಂವನ ಒಂದ್ ಸುತ್ತು ಹೋಗಿ ನೋಡ್ಲಿ. ಬರೋಬ್ಬರಿ ಐತಿ ಅಂದ್ರ ಉಳದವ್ರು ಹತ್ತಲಿ. ನೀವು ಲಗೂನ ಬರ್ರಿ. ಮಿರ್ಚಿ ಭಜಿಗೆ ಹಿಟ್ಟು ಕಲಸೀನಿ."

"ಆದ್ರೂ ಅಮಾವಾಸ್ಯೆ..." ಎಂದು ಶುರುಮಾಡಿದ ಶೇಷಾದ್ರಿ, "ಅಲ್ಲೇ ಬಿಸಿಬಿಸಿ ಕರೀತೀರಾ?" ಎಂದು ಮುಗಿಸಿದರು.

ಹುಲ್ಲುಗಾವಲಿಗೆ ಅವರು ಹೋಗಿ ಮುಟ್ಟುವಷ್ಟರಲ್ಲಿ ಗಾಡಿ ಲಾರಿಯಿಂದ ಇಳಿದಿತ್ತು. ಬಿಸಿಲು ಎಳೆಯದಾಗಿತ್ತು, ನೆಲ ಬೆಳ್ಳಗೆ ಹೊಳೆಯುತ್ತಿತ್ತು, ಲಾಯದ ಕುದುರೆಗಳು ಅರ್ಧಬಾಗಿಲ ಮೇಲೆ ತಲೆ ಹಾಕಿ ನೋಡುತ್ತಿದ್ದವು. ರಸ್ತೆ ಜಾರುತ್ತದೆ, ಬರುವುದಿಲ್ಲ ಎಂದವರೂ ಮಕ್ಕಳ ಕಾಟ ತಡೆಯಲಾರದೆ ಬಂದಿದ್ದರು. ಗೆರ್ಟ್ರೂಡ್ ಚರ್ಚಿನಲ್ಲಿ ಪೂಜೆ ಮುಗಿಸಿ ನೇರ ಬಂದಿದ್ದಳು, ಎರಡೂ ಕೈ ಕೋಟಿನ ಜೇಬಿನೊಳಗೆ. ಗುರುದೇವಿಯ ಕಣ್ಣು ಮೊದಲು ಹೋದದ್ದು ಆ ಜೇಬುಗಳಿಗೆ. ಬೇರೆ ಗವಸು ತೊಗೊಳ್ರಿ ಅಕ್ಕಾರ ಎಂದು ಎಷ್ಟು ಸಲ ಹೇಳಿದ್ದರೂ, "ನನ್ನದು ಉಂಟಲ್ಲ, ನಿನ್ನತ್ರ" ಎನ್ನುವವಳು.

ಮಲ್ಲಪ್ಪ ಗಾಡಿಯ ಮೂತಿಗೆ ವಿಭೂತಿ ಎಳೆದ. ಕುಂಕುಮ ಇಟ್ಟ. ಚೆಂಡುಹೂವಿನ ಮಾಲೆ ಹಾಕಿದ. ಕಾಯಿ ಒಡೆದ. ಕಡೆಗೆ ಚೀಲದಿಂದ ನಾಲ್ಕು ಲಿಂಬೆಹಣ್ಣು ತೆಗೆದು, ಗಾಲಿಗೊಂದರಂತೆ ಇಡಲು ಬಗ್ಗಿದವನು ಬಗ್ಗಿಕೊಂಡೇ ಉಳಿದ.

"ಗಾಲಿನ ಇಲ್ಲಲ್ಲೋ ಇದಕ್ಕ!"

ಸಂಕ್ರಾಂತಿಯಿಂದ ದಿನವೂ ಆ ಗಾಡಿಯನ್ನು ಒರೆಸಿ ಒರೆಸಿ ಇಟ್ಟವನು ಅವನೇ. ನೆರೆದವರೆಲ್ಲ ಗಾಡಿಯ ಸುತ್ತ ಕೂತು ಚರ್ಚೆಗೆ ತೊಡಗಿದರು. ಜಾರುಹಲಗೆಯ ಕೆಳಗೆ ಇಡಬಹುದು, ಆದರೆ ಅದು ತುಳಿದೀತೇ ಹೊರತು ಉರುಳುವುದಿಲ್ಲ. ತುಳಿದರೆ ಸಾಕೇ, ಉರುಳಬೇಕೇ? ಶಾಸ್ತ್ರದಲ್ಲಿ ಗಾಲಿ ಎಂದಿದೆಯೇ, ಗಾಡಿ ಎಂದಿದೆಯೇ? ಅಮಾವಾಸ್ಯೆಯನ್ನು ಮರೆತ ಶೇಷಾದ್ರಿಯೇ ಎಲ್ಲರಿಗಿಂತ ಮುಂದೆ ಮಂಡಿಯೂರಿದ್ದರು.

"ಅಂಕಲ್, ಪ್ಲೀಸ್," ಎಂದ ಎಲ್ರಾಯ್. "ಹಿಂದೆ ಜಾಸ್ತಿ ಇಟ್ರೆ ಬೀಜ ಎಲ್ಲ ಟ್ರ್ಯಾಕ್ ಒಳಗೆ ಹೋಗ್ತದೆ. ಮುಂದೆ ಎರಡು, ಹಿಂದೆ ಒಂದು. ಫಿನಿಶ್."

"ಮತ್ತ ನಾಕನೇದು?"

"ಇಲ್ಲಿ ಕೊಡಿ," ಎಂದು ಗೆರ್ಟ್ರೂಡ್ ಅದನ್ನು ತೆಗೆದುಕೊಂಡು ಜೇಬಿಗಿಳಿಸಿದಳು. "ನಾಳೆ ನನ್ನ ಬಂಗುಡೆಗೆ ಆಯ್ತು."

"ಶಿವ ಶಿವಾ! ಪೂಜಾದ ಹಣ್ಣು ಅಕ್ಕಾರ!"

"ಮೀನು ಮಾಡಿದ್ದು ಸಹ ದೇವರೇ ಅಲ್ವಾ ಮಲ್ಲಪ್ಪಣ್ಣ?"

ಎಲ್ರಾಯ್ ಒಂದು ಸುತ್ತು ಹೋಗಿ ಬಂದು ಹೆಬ್ಬೆಟ್ಟು ಎತ್ತಿ ತೋರಿಸಿದ. ಅಲ್ಲಿಂದ ಮುಂದೆ ಹೊತ್ತು ಹೋದದ್ದು ಯಾರಿಗೂ ತಿಳಿಯಲಿಲ್ಲ. ಎಲ್ರಾಯ್ ನಡೆಸುವುದು, ಒಬ್ಬೊಬ್ಬರು ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂರುವುದು. ಕಲಬುರಗಿಯ ಅಜ್ಜಿಯೊಬ್ಬರು ಇಳಕಲ್ ಸೀರೆಯ ಮೇಲೆ ಮಗನ ಓವರ್‌ಕೋಟ್ ತೊಟ್ಟು ಕೂತು, ಒಂದು ಸುತ್ತು ಮುಗಿದರೂ ಇಳಿಯಲೊಲ್ಲೆ ಎಂದು ಹಟ ಹಿಡಿದರು. ಶೇಷಾದ್ರಿ ಕಣ್ಣು ಮುಚ್ಚಿ ಗೋವಿಂದ ಗೋವಿಂದ ಎನ್ನುತ್ತ ಹೋದರು, ಕಣ್ಣು ತೆರೆದು ಬಂದರು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಗುರುದೇವಿ ಎಣ್ಣೆಯ ಬಾಣಲೆಯ ಮುಂದೆ ನಿಂತು ಭಜಿ ಕರಿದಳು. ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡ ಕುದುರೆ ಶಾಲೆಯ ಒಡತಿ ಇನ್ನೊಂದು, ಇನ್ನೊಂದು ಎಂದು ಕೈ ಚಾಚಿದಳು. ಡಬ್ಬಿ ಹಿಡಿದ ಮಲ್ಲಪ್ಪ ದೇವರ ಉತ್ಸವದಲ್ಲಿ ಆರತಿ ತಟ್ಟೆ ಹಿಡಿದವನ ಗತ್ತಿನಲ್ಲಿ ಓಡಾಡಿದ.

ಬಿಸಿಲು ಏರಿತು. ಬೇಲಿಯಿಂದ ಹನಿ ತೊಟ್ಟಿಕ್ಕತೊಡಗಿತು. ಹಿಮದ ನಡುವೆ ಅಲ್ಲಲ್ಲಿ ಹುಲ್ಲು ಹಸಿರು ತಲೆ ಎತ್ತಿತು.

"ಲಾಸ್ಟ್ ರೌಂಡ್ ಆಂಟಿ," ಎಂದ ಎಲ್ರಾಯ್. "ಪಟ್ಟಿ ಎಸೆಯುವ ಸ್ನೋದಿಂದಲೇ ಎಂಜಿನ್ ತಣ್ಣಗಾಗುದು. ಈಗ ಅದೇ ಕಡಿಮೆ ಆಗ್ತಾ ಉಂಟು. ಯಾರು ಬಾಕಿ?"

ಗುರುದೇವಿ ಸುತ್ತ ನೋಡಿದಳು. ಎಲ್ಲರೂ ಹೋಗಿ ಬಂದಿದ್ದರು. ಚಹಾ ಹಂಚಿ, ಮಕ್ಕಳ ಹೆಲ್ಮೆಟ್ಟಿನ ಪಟ್ಟಿ ಕಟ್ಟಿ, ಜಾರಿಬಿದ್ದವರ ಮೊಣಕಾಲು ಒರೆಸಿದ ಗೆರ್ಟ್ರೂಡ್ ಒಬ್ಬಳೇ ಬಾಕಿ.

"ಅಕ್ಕಾರನ ನಾ ಕರಕೊಂಡು ಹೊಕ್ಕೀನಿ," ಎಂದಳು ಗುರುದೇವಿ, ಕಂದು ಗವಸು ತೊಡುತ್ತ.

"ಆಂಟಿ, ನೀವು ಡ್ರೈವ್ ಮಾಡ್ತೀರಾ?"

"ಧಾರವಾಡದಾಗ ನಾ ಲೂನಾ ಹೊಡದಾಕಿ."

"ಲೂನಾ ಅಂದ್ರೆ?"

"ಇದರ ಅಕ್ಕ. ಎಲ್ಲಿ ಒತ್ತಬೇಕು ಹೇಳು."

ಹೆಬ್ಬೆರಳಲ್ಲಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ, ಕೆಂಪು ದೀಪ ಬಂದರೆ ಆಫ್ ಮಾಡಿ ಪಟ್ಟಿಯ ಸುತ್ತ ಹಿಮ ತುಂಬಬೇಕು, ದೀಪ ಹೋದ ಮೇಲೆ ಮೆಲ್ಲಗೆ ಬರಬೇಕು. ಅಷ್ಟೇ ಪಾಠ. ಗೆರ್ಟ್ರೂಡ್ ಶಿಲುಬೆಯ ಗುರುತು ಮಾಡಿಕೊಂಡು ಹಿಂದೆ ಕೂತಳು. ಗಾಡಿ ಎತ್ತಿನಂತೆ ಒಮ್ಮೆ ಜಗ್ಗಿ, ಹೊರಟಿತು.

"ಮೆಲ್ಲ! ಎಡಕ್ಕೆ ತಿರುಗಿಸು! ಅಯ್ಯೋ ಬೇಲಿ, ಬೇಲಿ!"

"ಅಕ್ಕಾರ, ನಿಮ್ಮ ಕಾರಿನ್ಯಾಗ ಕೂತಾಗ ನಾ ಒಂದ್ ದಿನಾನೂ ಹಿಂಗ ಒದರಿಲ್ಲ."

"ನಿನಗೆ ಆಗ ವಾಂತಿ ಬರ್ತಿತ್ತು. ಮಾತು ಎಲ್ಲಿಂದ ಬರುದು?"

ಇಬ್ಬರೂ ನಕ್ಕರು. ನಗುತ್ತಲೇ ಹುಲ್ಲುಗಾವಲಿನ ಆ ತುದಿ ಮುಟ್ಟಿದರು. ಅಲ್ಲಿ ದೊಡ್ಡ ಓಕ್ ಮರದ ನೆರಳಿಗೆ ಹಿಮ ಇನ್ನೂ ದಪ್ಪಗಿತ್ತು. ಅಲ್ಲಿಗೆ ಬರುತ್ತಲೇ ಕೆಂಪು ದೀಪ ಹೊತ್ತಿತು. ಗುರುದೇವಿ ಗಾಡಿ ನಿಲ್ಲಿಸಿದಳು. ಸದ್ದು ಅಡಗಿದ ಮೇಲೆ ಸುತ್ತಲಿನ ಮೌನ ದೊಡ್ಡದಾಗಿ ಕೇಳಿಸಿತು. ಭಜಿಯ ಬಾಣಲೆ, ಜನ, ಲಾಯ ಎಲ್ಲ ದೂರದಲ್ಲಿ ಗೊಂಬೆಗಳ ಹಾಗೆ.

ಗೆರ್ಟ್ರೂಡ್ ಇಳಿದು ಹಿಮ ತುಂಬಲು ಬಗ್ಗಿದಳು, ಬರಿಗೈಯಲ್ಲಿ.

"ನೀವು ಸರೀರಿ ಅಕ್ಕಾರ."

ಗುರುದೇವಿ ತನ್ನ ಕೈ ನೋಡಿಕೊಂಡಳು. ಒಂದು ಹನಿ ನೀರು ತಾಗದಂತೆ ಕಾಪಾಡಿದ ಗವಸಿನ ತೊಗಲು. ಈ ಕೆಸರು ಹಿಮದಲ್ಲಿ ಅದ್ದಿದರೆ ಆಸ್ವಾಲ್ಡ್ ಕೊಡಿಸಿದ್ದು ಇವತ್ತಿಗೆ ಮುಗಿದಂತೆ. ಆಕೆಯ ಮುಪ್ಪಿನ ಬೆರಳುಗಳನ್ನು ಹಿಮಕ್ಕೆ ಕೊಟ್ಟು ತಾನು ಗವಸು ತೊಟ್ಟು ನಿಲ್ಲುವುದೂ ಆಗದ ಮಾತು. ಒಂದೊಂದೇ ಬೆರಳು ಸಡಿಲಿಸಿ ಗವಸು ಕಳಚಿದಳು. ಎರಡನ್ನೂ ಕೋಟಿನೊಳಗೆ, ಎದೆಯ ಮೇಲಿನ ಲಿಂಗದ ಮಗ್ಗುಲಿಗೆ ಇಟ್ಟು ಗುಂಡಿ ಹಾಕಿದಳು. ಶಿವನ ಹೆಸರು ತುಟಿಯಲ್ಲಿತ್ತು. ಬಗ್ಗಿ ಎರಡೂ ಕೈಗಳನ್ನು ಹಿಮದೊಳಗೆ ಊರಿದಳು.

ಹಿಂದಿನಿಂದ ಒಂದು ದನಿ ಕೇಳಿತು. ಪಕ್ಕದ ಮನೆಯವಳ ದನಿಯಲ್ಲ, ವಾರ್ಡಿನ ನರ್ಸಿನ ದನಿ. "ಚುಚ್ಚುತ್ತದಾ?"

ಗುರುದೇವಿ ಕಾದಳು. ಮುಳ್ಳಿಗಾಗಿ ಕಾದಳು. ಹಿಮ ಬೆರಳ ಸಂದಿಯಲ್ಲಿ ಕರಗಿ ಅಂಗೈಗೆ ಇಳಿಯಿತು. ಕೈ ಕೆಂಪಗಾಯಿತು, ಮರಗಟ್ಟಿತು, ಆಮೇಲೆ ಜುಮ್ಮೆಂದಿತು. ಸಣ್ಣವಳಿದ್ದಾಗ ಮಾಗಿಯ ಬೆಳಗಿನಲ್ಲಿ ಬಾವಿಯ ನೀರಿಗೆ ಕೈ ಹಾಕಿದಾಗ ಆಗುತ್ತಿದ್ದ ಹಾಗೆ.

"ಥಂಡಿ ಐತ್ರೀ ಅಕ್ಕಾರ," ಎಂದಳು. "ಬರೇ ಥಂಡಿ."

ಬೊಗಸೆ ಬೊಗಸೆ ಹಿಮ ಎತ್ತಿ ಪಟ್ಟಿಯ ಮೇಲೆ, ಪಟ್ಟಿಯ ಒಳಗೆ ತುಂಬಿದಳು. ಸಾಕಾದರೂ ನಿಲ್ಲಿಸದೆ ತುಂಬಿದಳು. ಗಾಡಿ ಉಸ್ ಎಂದು ಹಬೆ ಬಿಟ್ಟಿತು. "ಸಾಕು ಮಾರಾಯ್ತಿ, ಗಾಡಿಗೆ ಶೀತ ಆಗ್ತದೆ," ಎಂದು ಗೆರ್ಟ್ರೂಡ್ ಗದರಿದ ಮೇಲೆಯೇ ನಿಂತದ್ದು. ಸ್ವಲ್ಪ ಹೊತ್ತಿಗೆ ಕೆಂಪು ದೀಪ ಆರಿತು.

ಗುರುದೇವಿ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಕೋಟಿನ ಗುಂಡಿ ಬಿಚ್ಚಿ, ಎದೆಯ ಬಳಿಯಿಂದ ಗವಸು ತೆಗೆದು, ಊರಲ್ಲಿ ಪಾತ್ರೆ ತಿರುಗಿ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

ಗೆರ್ಟ್ರೂಡ್ ಜೇಬಿನಿಂದ ಕೈ ತೆಗೆದಾಗ ಆ ನಾಲ್ಕನೆಯ ಲಿಂಬೆಹಣ್ಣು ಕೈಯೊಳಗೇ ಇತ್ತು. ಅದನ್ನು ಗುರುದೇವಿಯ ಒದ್ದೆ ಅಂಗೈಯಲ್ಲಿಟ್ಟು, ಗವಸು ತೆಗೆದುಕೊಂಡಳು. ಒಂದರಲ್ಲಿ ಕೈ ಹಾಕಿದಳು, ಇನ್ನೊಂದರಲ್ಲೂ ಹಾಕಿದಳು. ಬೆರಳ ತುದಿಯವರೆಗೂ ಒಳಗೆ ಬೆಚ್ಚಗಿತ್ತು.